ತಕ್ಕಡಿ ಸಾಹೇಬರ ಬ್ರೌನಿ ದಾಳಿ

ಕೆಲವರ ಕಾಲು ಜಾರುತ್ತದೆ, ಕೆಲವರ ನಾಲಿಗೆ ಜಾರುತ್ತದೆ. ಕಾಲು ಜಾರಿದರೆ ಎಣ್ಣೆ ತಿಕ್ಕಿಕೊಂಡು ಮೂರು ದಿನ ಮಲಗಿದರೆ ಸರಿಹೋಗುತ್ತದೆ. ನಾಲಿಗೆ ಜಾರಿದರೆ ಅದಕ್ಕೆ ತಿಕ್ಕುವ ಎಣ್ಣೆಯನ್ನು ಇನ್ನೂ ಯಾವ ಗಾಣದವನೂ ಹಿಂಡಿಲ್ಲ. ತಕ್ಕಡಿ ಸಾಹೇಬರ ನಾಲಿಗೆ ಜಾರಿದ್ದು ಗುರುವಾರ ಮಧ್ಯಾಹ್ನ ಮೂರು ಗಂಟೆಗೆ, ಮಗಳ ಶಾಲೆಯ ಗೇಟಿನ ಮುಂದೆ, ಹತ್ತು ಜನ ತಾಯಂದಿರ ಎದುರಿಗೆ.

ತಕ್ಕಡಿ ಸಾಹೇಬರೆಂದರೆ ಅಳತೆ-ತೂಕದ ಇಲಾಖೆಯ ಇನ್ಸ್‌ಪೆಕ್ಟರು. ಅಂಗಡಿಗಳ ತಕ್ಕಡಿ ಸರಿಯಿದೆಯೋ ಇಲ್ಲವೋ ನೋಡಿ ಮುದ್ರೆ ಒತ್ತುವ ಕೆಲಸ. ಹತ್ತೊಂಬತ್ತು ವರ್ಷದಿಂದ ಅದೇ ಕೆಲಸ ಮಾಡಿ ಮಾಡಿ, ಅವರು ಯಾರನ್ನಾದರೂ ನೋಡಿದರೆ ಮೊದಲು ಮುಖ ನೋಡುವುದಿಲ್ಲ, ಎಷ್ಟು ಕಿಲೋ ಇರಬಹುದು ಎಂದು ನೋಡುತ್ತಾರೆ. ಕಛೇರಿಯಲ್ಲಿ ಒಂದು ಗ್ರಾಂ ಆಚೀಚೆ ಆಗಲು ಬಿಡದ ಮನುಷ್ಯ, ಮನೆಯಲ್ಲಿ ಮಾತ್ರ ಒಂದು ಕಾಲಿಗೆ ಕಪ್ಪು ಕಾಲುಚೀಲ, ಇನ್ನೊಂದಕ್ಕೆ ನೀಲಿ.

ಆವತ್ತು ತರಗತಿಯಲ್ಲಿ ವಕೀಲರ ಮಗನ ಹುಟ್ಟುಹಬ್ಬ. ಮೂರು ಅಂತಸ್ತಿನ ಕೇಕು ಬಂದಿತ್ತು. ಸಾಹೇಬರು ಕಿಟಕಿಯಲ್ಲಿ ಇಣುಕಿದರೆ ಏನು ನೋಡುವುದು? ಮೂವತ್ತು ಮಕ್ಕಳು ಮೂಗಿಗೆಲ್ಲಾ ಕೆನೆ ಮೆತ್ತಿಕೊಂಡು ಕೇಕು ಮುಕ್ಕುತ್ತಿವೆ, ಮೂವತ್ತೊಂದನೆಯದು, ಅಂದರೆ ತಮ್ಮ ಮಗಳು ಚಿಣ್ಣಿ, ಮೂಲೆಯಲ್ಲಿ ಕೂತು ಕಿತ್ತಲೆ ಹಣ್ಣಿನ ನಾರು ಬಿಡಿಸುತ್ತಿದ್ದಾಳೆ. ಆ ಮಗುವಿಗೆ ಹಾಲು, ಬೆಣ್ಣೆ, ಮೊಟ್ಟೆ ಯಾವುದೂ ಆಗಿಬರುವುದಿಲ್ಲ. ಒಂದು ಚಮಚ ಕೆನೆ ನಾಲಿಗೆಗೆ ತಾಗಿದರೆ ತುಟಿ ಊದಿ ದಿಂಬಾಗುತ್ತದೆ. ಒಂದನೇ ತರಗತಿಯಿಂದ ನಾಲ್ಕನೆಯ ತರಗತಿಯವರೆಗೆ ಅವಳು ಎಲ್ಲರ ಹುಟ್ಟುಹಬ್ಬಕ್ಕೂ ಕಿತ್ತಲೆ ಹಣ್ಣನ್ನೇ ತಿಂದು ಚಪ್ಪಾಳೆ ತಟ್ಟಿದ್ದಳು.

ಗೇಟಿನ ಹತ್ತಿರ ವಕೀಲರ ಹೆಂಡತಿ ಕೈ ಒರೆಸಿಕೊಳ್ಳುತ್ತಾ, "ಪಾಪ, ಸೋಮವಾರ ನಿಮ್ಮ ಚಿಣ್ಣಿ ಹುಟ್ಟುಹಬ್ಬ ಅಲ್ವಾ? ಮಕ್ಕಳಿಗೆ ಏನು ಕೊಡ್ತೀರಿ? ಸೌತೆಕಾಯಾ?" ಎಂದರು. ಅವರು ನಿಜವಾಗಿ ಕನಿಕರದಿಂದಲೇ ಕೇಳಿದ್ದು. ಆದರೆ ಕನಿಕರಕ್ಕೆ ಮೆಣಸಿನಕಾಯಿಗಿಂತ ಖಾರ ಜಾಸ್ತಿ.

"ಸೌತೆಕಾಯಿ ಯಾಕೆ ಮೇಡಂ?" ಎಂದುಬಿಟ್ಟರು ಸಾಹೇಬರು. "ನಮ್ಮನೇಲಿ ನಾನು ವಾರಕ್ಕೊಂದ್ಸಲ ಚಾಕ್ಲೇಟ್ ಬ್ರೌನಿ ಮಾಡ್ತೀನಿ. ವೀಗನ್. ಹಾಲಿಲ್ಲ, ಬೆಣ್ಣೆ ಇಲ್ಲ, ಮೊಟ್ಟೆ ಇಲ್ಲ. ತಿಂದೋರು ಬೆರಳು ಕಚ್ಚಿಕೊಂಡು ಆಸ್ಪತ್ರೆಗೆ ಹೋಗಿದ್ದಾರೆ."

"ಅಯ್ಯೋ, ಎಷ್ಟು ಚೆನ್ನಾಗಿದೆ!" ಎಂದು ಟೀಚರು ಹಿಂದಿನಿಂದ ಬಂದು ಕೈ ತಟ್ಟಿದರು. "ಹಾಗಾದ್ರೆ ಸೋಮವಾರ ಎಲ್ಲರಿಗೂ ಅದೇ! ಮೂವತ್ತೊಂದು ಮಕ್ಕಳು, ನಾನೊಬ್ಬಳು, ಮೂವತ್ತೆರಡು ಸಾರ್!"

ಚಿಣ್ಣಿ ಅಪ್ಪನ ಮುಖವನ್ನು ನೋಡಿದಳು. ವಾರಕ್ಕೊಂದು ಸಲವಂತೆ! ಅವಳ ಒಂಬತ್ತು ವರ್ಷದಲ್ಲಿ ಅಪ್ಪ ಬ್ರೌನಿ ಹಾಗಿರಲಿ, ಬ್ರೆಡ್ಡಿಗೆ ಜಾಮು ಹಚ್ಚಿದ್ದನ್ನೂ ಕಂಡಿರಲಿಲ್ಲ. ಆದರೂ ಆ ಮಗುವಿನ ಕಣ್ಣಲ್ಲಿ ದೀಪ ಹೊತ್ತಿಕೊಂಡಿತು ನೋಡಿ, ಅದನ್ನು ಆರಿಸುವ ಧೈರ್ಯ ಯಾವ ಅಪ್ಪನಿಗಿದೆ?

"ಅಪ್ಪಾ, ನಾನೂ ಎಲ್ಲರ ಜೊತೆ ತಿನ್ಬಹುದಾ? ಅದನ್ನೇ? ಒಂದೇ ಡಬ್ಬಿಯಿಂದ?"

"ಅದನ್ನೇ, ಪುಟ್ಟಾ. ಒಂದೇ ಡಬ್ಬಿಯಿಂದ."

ಮನೆಗೆ ಬಂದರೆ ಹೆಂಡತಿ ಸೊಂಟಕ್ಕೆ ಕೈ ಕೊಟ್ಟು ನಿಂತಳು. ಅವಳು ಆಸ್ಪತ್ರೆಯಲ್ಲಿ ನರ್ಸು. ಶನಿವಾರ, ಭಾನುವಾರ ಎರಡೂ ದಿನ ಇಡೀ ಡ್ಯೂಟಿ.

"ರೀ, ನೀವು ಕೊನೇ ಸಲ ಒಲೆ ಹತ್ತಿಸಿದ್ದು ಯಾವಾಗ ಹೇಳಿ ನೋಡೋಣ."

"ಯಾಕೆ, ಹೋದ ವರ್ಷ ಹತ್ತಿಸಿದ್ದೆನಲ್ಲ."

"ಆವತ್ತು ಹತ್ತಿದ್ದು ಒಲೆ ಅಲ್ಲ, ಪರದೆ."

ಒಳಗಿನ ಕೋಣೆಯಿಂದ ಅತ್ತೆ, ಅಂದರೆ ಹೆಂಡತಿಯ ತಾಯಿ, ಕೋಲೂರಿಕೊಂಡು ಬಂದರು. ಅವರಿಗೆ ಎಪ್ಪತ್ತೆಂಟು ವರ್ಷ. ಹಲ್ಲು ನಾಲ್ಕೇ ಉಳಿದಿದ್ದರೂ ನಾಲಿಗೆ ಪೂರ್ತಿ ಇತ್ತು. "ಅಳಿಯಂದಿರೇ, ಮಾಡಿ, ಮಾಡಿ. ಫೈರ್ ಎಂಜಿನ್ ನಂಬರು ನನಗೆ ಬಾಯಿಪಾಠ ಇದೆ" ಎಂದರು.

ಶನಿವಾರ ಅರ್ಧ ದಿನದ ಕಛೇರಿ. ಊಟದ ಹೊತ್ತಿಗೆ ಸಾಹೇಬರು ಮನೆಗೆ ಬಂದು, ಫೋನಿನಲ್ಲಿ ಅಡುಗೆಯ ವಿಡಿಯೋ ಹಾಕಿಕೊಂಡು ಪೆನ್ನು ಹಿಡಿದು ಕೂತರು. ವಿಡಿಯೋದ ಹೆಂಗಸು ನಗುತ್ತಾ, "ಮೊದಲು ಒಂದು ಕಪ್ ಮೈದಾ ತಗೊಳ್ಳಿ" ಎಂದಳು.

ಸಾಹೇಬರು ವಿಡಿಯೋ ನಿಲ್ಲಿಸಿದರು. "ಯಾವ ಕಪ್?"

ವಿಡಿಯೋದವಳು ಏನು ಹೇಳಿಯಾಳು? ನಗುತ್ತಲೇ ಇದ್ದಳು.

ಮನೆಯಲ್ಲಿದ್ದ ಕಪ್ಪು, ಲೋಟ, ಬಟ್ಟಲು ಎಲ್ಲಾ ಮೇಜಿನ ಮೇಲೆ ಸಾಲಾಗಿ ನಿಂತವು. ಹನ್ನೊಂದು. ಒಂದೊಂದಕ್ಕೂ ನೀರು ತುಂಬಿ, ಸಾಹೇಬರು ತಮ್ಮ ಹಿತ್ತಾಳೆಯ ತೂಕದ ಬಟ್ಟುಗಳನ್ನಿಟ್ಟು ತೂಗಿದರು. ಹನ್ನೊಂದು ಕಪ್ಪು, ಹನ್ನೊಂದು ಲೆಕ್ಕ! ಚಿಕ್ಕದು ನೂರ ನಲವತ್ತು ಗ್ರಾಂ, ದೊಡ್ಡದು ಮುನ್ನೂರ ಹತ್ತು. ಸಾಹೇಬರ ಹಣೆಯಲ್ಲಿ ಬೆವರೊಡೆಯಿತು. ಇಷ್ಟು ವರ್ಷ ಊರಿನ ಅಂಗಡಿಗಳನ್ನೆಲ್ಲಾ ಸರಿಮಾಡುತ್ತಾ ತಿರುಗಿದ್ದೇನೆ, ನನ್ನ ಅಡುಗೆಮನೆಯಲ್ಲೇ ಇಂಥ ಅರಾಜಕತೆಯೇ!

"ಅತ್ತೆ, ನೀವು ಇಷ್ಟು ವರ್ಷ ಅಡುಗೆ ಹೇಗೆ ಮಾಡಿದ್ರಿ?"

"ಕೈಯಲ್ಲಿ ಹಾಕ್ತಿದ್ದೆ."

"ಕೈ ಎಷ್ಟು ಗ್ರಾಂ?"

"ಬೀಸಿದ್ರೆ ಗೊತ್ತಾಗತ್ತೆ, ಬನ್ನಿ ಹತ್ತಿರ."

ಸಾಹೇಬರು ಹತ್ತಿರ ಹೋಗಲಿಲ್ಲ. ಚೀಲ ಹೆಗಲಿಗೇರಿಸಿ ಬೀದಿ ಕೊನೆಯ ಬೇಕರಿಗೆ ಹೊರಟರು. ಕೇಳಬೇಕಾದವರನ್ನು ಕೇಳಿದರೆ ಮುಗಿಯಿತು, ಕಷ್ಟವೇನಿದೆ? ಕಷ್ಟವೇನೆಂದರೆ, ಆ ಚೀಲ ಕಛೇರಿಯ ಚೀಲ. ಒಳಗೆ ತೂಕದ ಬಟ್ಟುಗಳು ಝಣ್ ಝಣ್ ಎನ್ನುತ್ತಿದ್ದವು. ಜೇಬಿನಲ್ಲಿ ಕಛೇರಿಯ ಕೆಂಪು ಪುಸ್ತಕ. ಇನ್ನು ಅವರ ದನಿಯೋ, ಹೆಂಡತಿಯ ಹತ್ತಿರ ಉಪ್ಪು ಕೇಳಿದರೂ ನೋಟೀಸು ಕೊಟ್ಟ ಹಾಗಿರುತ್ತದೆ.

ಬೇಕರಿಯವರು ಗುಂಡು ಮನುಷ್ಯ. ಸಾಹೇಬರನ್ನು ಕಂಡದ್ದೇ ಅವರ ಅರ್ಧ ತೂಕ ಇಳಿದುಹೋಯಿತು.

ಸಾಹೇಬರು ಪುಸ್ತಕ ಬಿಚ್ಚಿ, ಪೆನ್ನಿನ ಟೋಪಿ ತೆಗೆದು ಕೇಳಿದರು: "ನಿಮ್ಮಲ್ಲಿ ಒಂದು ಕಪ್ ಅಂದ್ರೆ ಎಷ್ಟು?"

ಬೇಕರಿಯವರ ಕೈಯಲ್ಲಿದ್ದ ಬನ್ನು ನೆಲಕ್ಕೆ ಬಿತ್ತು. "ಕಪ್ಪಾ? ನಮ್ಮಲ್ಲಿ ಕಪ್ಪೇ ಇಲ್ಲ ಸಾರ್."

"ಮತ್ತೆ ಅಳೆಯೋದು ಹೇಗೆ?"

"ಅಳೆಯೋದೇ ಇಲ್ಲ ಸಾರ್!" ಎಂದರು. ಹಾಗೆಂದದ್ದು ಇನ್ನೂ ದೊಡ್ಡ ಅಪರಾಧವೆಂದು ಹೊಳೆದು, "ಅಂದ್ರೆ ಅಳೀತೀವಿ ಸಾರ್. ತುಂಬಾ ಅಳೀತೀವಿ. ಬೆಳಗ್ಗೆಯಿಂದ ಸಾಯಂಕಾಲದವರೆಗೆ ಅದೇ ಕೆಲಸ" ಎಂದು ತಿದ್ದಿದರು.

"ಬ್ರೌನಿಗೆ ಕೋಕೋ ಎಷ್ಟು ಹಾಕ್ತೀರಿ?"

"ಬ್ರೌನಿನಾ? ನಾವು ಬ್ರೌನಿ ಮಾಡೋದೇ ಇಲ್ಲ ಸಾರ್."

ಗಾಜಿನ ಪೆಟ್ಟಿಗೆಯೊಳಗೆ ಒಂದು ತಟ್ಟೆ ಬ್ರೌನಿ ಹೊಳೆಯುತ್ತಾ ಕೂತಿತ್ತು. ಇಬ್ಬರೂ ಅದನ್ನು ನೋಡಿದರು.

"ಅದೇನು?"

"ಅದು... ಕೇಕು ಸಾರ್. ಸೀದುಹೋಗಿದೆ."

"ಬ್ರೌನಿ ಅಂತ ಚೀಟಿ ಅಂಟಿಸಿದ್ದೀರಲ್ಲ."

"ಸೀದ ಮೇಲೆ ಇಟ್ಟ ಹೆಸರು ಸಾರ್."

"ನೋಡಿ, ಹೆದರ್ಕೋಬೇಡಿ. ಇದು ಇಲಾಖೆ ಕೆಲಸ ಅಲ್ಲ. ನಾನೇ ಮನೇಲಿ ಬ್ರೌನಿ ಮಾಡ್ತಿದ್ದೀನಿ. ಸೋಮವಾರ ಬೆಳಗ್ಗೆಗೆ ಮೂವತ್ತೆರಡು ಆಗಲೇಬೇಕು, ಅಷ್ಟೇ" ಎಂದು ಸಾಹೇಬರು ನಕ್ಕರು. ಅವರು ನಗುವುದು ವರ್ಷಕ್ಕೆ ಎರಡು ಸಲ. ಅಭ್ಯಾಸವಿಲ್ಲದ ನಗು, ಹಲ್ಲು ಮಸೆದಂತೆ ಕಂಡಿತು. ಬೇಕರಿಯವರು ಗೋಡೆಗೊರಗಿ ನಿಂತರು. ಅವರ ಹದಿನಾರು ವರ್ಷದ ವ್ಯಾಪಾರದಲ್ಲಿ ಯಾವ ಇನ್ಸ್‌ಪೆಕ್ಟರಾದರೂ ಅಂಗಡಿಗೆ ಬಂದು "ಮನೇಲಿ ಬ್ರೌನಿ ಮಾಡ್ತಿದ್ದೀನಿ" ಎಂದದ್ದುಂಟೇ? ಇದು ಯಾವುದೋ ಹೊಸ ಉಪಾಯ!

ಅಲ್ಲಿಂದ ಸಾಹೇಬರು ದಿನಸಿ ಅಂಗಡಿಗೆ ಹೋದರು. ಕೋಕೋ ಪುಡಿ, ಹಾಲಿಲ್ಲದ ಕಪ್ಪು ಚಾಕ್ಲೇಟು, ಮೈದಾ, ಸಕ್ಕರೆ, ಅಗಸೆ ಬೀಜದ ಪುಡಿ. ಮಗಳ ತುಟಿಯ ವಿಷಯ, ಸುಮ್ಮನೆ ಕೊಂಡುಕೊಳ್ಳಲಾಗುತ್ತದೆಯೇ? ಮುದ್ರೆ ಪರೀಕ್ಷಿಸುವ ಭೂತಗನ್ನಡಿಯನ್ನು ಜೇಬಿನಿಂದ ತೆಗೆದು, ಒಂದೊಂದು ಚಾಕ್ಲೇಟಿನ ಬೆನ್ನಿನ ಸಣ್ಣಕ್ಷರವನ್ನೂ ಓದತೊಡಗಿದರು. ಅರ್ಧ ಗಂಟೆ ಓದಿದರು. ಹತ್ತು ಜನ ಗಿರಾಕಿಗಳು ಉಸಿರು ಹಿಡಿದು ನಿಂತರು.

"ಇದರಲ್ಲಿ ಹಾಲಿದೆ" ಎಂದರು ಸಾಹೇಬರು ಗಂಭೀರವಾಗಿ.

"ನಾನು ಹಾಕಿದ್ದಲ್ಲ ಸಾರ್!" ಎಂದು ದಿನಸಿಯವರು ಕೂಗಿಕೊಂಡರು.

ಹಾಲಿಲ್ಲದ್ದು ಕೊನೆಗೂ ಸಿಕ್ಕಿತು. ನಿಯತ್ತಿನ ಮನುಷ್ಯ, ಒಂದು ಸಲಕ್ಕೆ ಬೇಕಾದಷ್ಟನ್ನೇ ತೂಗಿಸಿ ತಂದರು, ಒಂದು ಕಾಳು ಜಾಸ್ತಿಯಿಲ್ಲ; ಮೊಟ್ಟೆಯ ಬದಲಿಗೆ ಹಾಕುವ ಅಗಸೆ ಪುಡಿ ಮಾತ್ರ ಇಡೀ ಪೊಟ್ಟಣವೇ ಬಂತು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರು ಅನ್ನುತ್ತಾರಲ್ಲ, ಇಡೀ ಬೀದಿ ಹೆಗಲು ಮುಟ್ಟಿಕೊಂಡಿತು. ಎತ್ತು ಈಯಿತು ಅಂದರೆ ಕರು ಕಟ್ಟುವ ಜನ. ನಾಲ್ಕು ಗಂಟೆಗೆ ಸುದ್ದಿ ಒಬ್ಬ ಇನ್ಸ್‌ಪೆಕ್ಟರದು. ಐದಕ್ಕೆ ಹನ್ನೆರಡು ಜನರ ತಂಡ, ಎರಡು ಜೀಪು. ಆರಕ್ಕೆ ಸೋಮವಾರದೊಳಗೆ ಮೂವತ್ತೆರಡು ಅಂಗಡಿಗೆ ಬೀಗ. ತರಕಾರಿಯವರು ತಮ್ಮ ಸವೆದ ತೂಕದ ಕಲ್ಲನ್ನು ಬಾವಿಗೆ ಹಾಕಿದರು. ಹಾಲಿನವರು ಹಾಲಿಗೆ ನೀರು ಹಾಕಲು ಹೆದರಿದ್ದರಿಂದ, ಆವತ್ತು ಮೊದಲ ಸಲ ಮಕ್ಕಳು ಹಾಲು ಕುಡಿದು, ಇದೇನೋ ಬೇರೆ ರುಚಿ ಎಂದು ಉಗಿದವು. ಪಾಪ, ದರ್ಜಿಗೆ ಯಾರೂ ಏನೂ ಅಂದಿರಲಿಲ್ಲ. ಅವರೂ ಟೇಪು ಬಚ್ಚಿಟ್ಟು, ಕಣ್ಣಳತೆಯಲ್ಲೇ ಒಂದು ಪ್ಯಾಂಟು ಕತ್ತರಿಸಿದರು. ಅದನ್ನು ಹಾಕಿಕೊಂಡವರು ಇವತ್ತಿಗೂ ಒಂದು ಕಾಲು ಎಳೆದೇ ನಡೆಯುತ್ತಾರೆ.

ಇತ್ತ ಮನೆಯಲ್ಲಿ ಸಾಹೇಬರು ಹನ್ನೊಂದು ಕಪ್ಪಿನ ತೂಕ ಕೂಡಿಸಿ, ಹನ್ನೊಂದರಿಂದ ಭಾಗಿಸಿ, ಬಂದ ಸರಾಸರಿಯಲ್ಲಿ ಬ್ರೌನಿ ಕಲಸಿದರು. ಮದುವೆಯಲ್ಲಿ ಉಡುಗೊರೆ ಬಂದಿದ್ದ ಓವನ್ನಿನಿಂದ ಈರುಳ್ಳಿ ಖಾಲಿ ಮಾಡಿಸಿ ಒಳಗಿಟ್ಟರು. ಬೆಂದಿದೆಯೋ ನೋಡಲು ಕಡ್ಡಿ ಚುಚ್ಚಿದರು. ಕಡ್ಡಿಗೆ ಒಂದಿಷ್ಟು ಮೆತ್ತಿತು. ಅಂಟಿಕೊಂಡರೆ ಬೆಂದಿಲ್ಲ ಎಂದು ಲೆಕ್ಕ. ಮತ್ತೆ ಇಟ್ಟರು. ಮತ್ತೆ ಚುಚ್ಚಿದರು. ಕಡ್ಡಿ ಒಣಗಿ ಹೊಳೆಯುವವರೆಗೆ ಬಿಡಲಿಲ್ಲ. ಕೊನೆಯ ಸಲ ಚುಚ್ಚಿದಾಗ ಕಡ್ಡಿ ಮುರಿಯಿತು.

ಅತ್ತೆ ಆ ಬ್ರೌನಿಯನ್ನು ಕೋಲಿನಿಂದ ಕುಟ್ಟಿದರು. ಟಕ್ ಟಕ್ ಎಂದಿತು. "ಒಳಗೆ ಯಾರಾದ್ರೂ ಇದ್ದೀರೇನ್ರೀ?" ಎಂದು ಕೇಳಿದರು.

ಚಿಣ್ಣಿ ನಗಲಿಲ್ಲ. ಅವಳು ಬಣ್ಣದ ಕಾಗದದಲ್ಲಿ ಮೂವತ್ತೆರಡು ಪುಟ್ಟ ಹೊದಿಕೆ ಕತ್ತರಿಸಿ, ಒಂದೊಂದರ ಮೇಲೂ ಒಂದೊಂದು ಹೆಸರು ಬರೆಯುತ್ತಿದ್ದಳು. ಎಲ್ಲಕ್ಕಿಂತ ದೊಡ್ಡ ಅಕ್ಷರದಲ್ಲಿ ತನ್ನ ಹೆಸರು. "ಅಪ್ಪಾ, ನಾಳೆ ಸರಿಯಾಗತ್ತೆ ಅಲ್ವಾ? ನಾನು ಎಲ್ಲರಿಗೂ ಹೇಳಿಬಿಟ್ಟಿದ್ದೀನಿ" ಎಂದಳು.

"ಆಗದೆ ಏನು?" ಎಂದರು ಸಾಹೇಬರು. ಮುರಿದ ಕಡ್ಡಿಯನ್ನು ಮೆಲ್ಲಗೆ ಬೆನ್ನ ಹಿಂದೆ ಬಚ್ಚಿಟ್ಟುಕೊಂಡರು.

ಭಾನುವಾರ ಬೆಳಗ್ಗೆ ಒಂಬತ್ತಕ್ಕೆ ಮತ್ತೆ ಕೋಕೋ ತರಲು ಹೊರಟರೆ, ಬೀದಿಗೆ ಬೀದಿಯೇ ಮುಚ್ಚಿದೆ! ದಿನಸಿಗೆ ಶಟರು, ಬೇಕರಿಗೆ ಶಟರು. ನಾಲ್ಕು ಬೀದಿ ತಿರುಗಿದರು. ಇವರು ಮೂಲೆ ತಿರುಗುವಷ್ಟರಲ್ಲಿ ಮುಂದಿನ ಬೀದಿಯ ಶಟರುಗಳು ಧಡ ಧಡ ಧಡ ಎಂದು ಬೀಳುತ್ತಿದ್ದವು, ಗುಡುಗು ಇವರಿಗಿಂತ ನಾಲ್ಕು ಹೆಜ್ಜೆ ಮುಂದೆ ನಡೆಯುತ್ತಿದ್ದ ಹಾಗೆ. ಕೊನೆಗೆ ದಿನಸಿ ಅಂಗಡಿಯ ಶಟರನ್ನೇ ಬಡಿದರು.

"ರೀ, ಬಾಗಿಲು ತೆಗೀರಿ! ನಂಗೆ ಕೋಕೋ ಬೇಕು!"

"ಒಳಗೆ ಯಾರೂ ಇಲ್ಲ!" ಎಂದಿತು ಒಳಗಿನ ದನಿ.

"ಮತ್ತೆ ಮಾತಾಡ್ತಿರೋದು ಯಾರು?"

ಒಳಗೆ ಸ್ವಲ್ಪ ಹೊತ್ತು ಯೋಚನೆ ನಡೆಯಿತು. "ರೇಡಿಯೋ!"

"ನನ್ನ ಮಗಳ ಹುಟ್ಟುಹಬ್ಬ ಕಣ್ರೀ! ನಿಮ್ಮ ಕಾಲಿಗೆ ಬೀಳ್ತೀನಿ, ಕಾಲು ಕಿಲೋ ಕೊಡಿ!"

ಅಳತೆ-ತೂಕದ ಇನ್ಸ್‌ಪೆಕ್ಟರು ಕಾಲಿಗೆ ಬೀಳುತ್ತೇನೆ ಎಂದರೆ ಯಾರು ನಂಬುತ್ತಾರೆ? ಒಳಗಿನ ರೇಡಿಯೋ ಗಡಗಡ ನಡುಗಿತು, ಅಷ್ಟೇ. ನಡುಗುತ್ತಲೇ ಇಲಾಖೆಯ ಮೇಲಧಿಕಾರಿಯ ಮನೆಗೆ ಫೋನು ಮಾಡಿ, "ಸಾರ್, ಭಾನುವಾರ ಕೂಡ ಬಿಡ್ತಿಲ್ಲ ಸಾರ್ ನಿಮ್ಮವರು! ಬಾಗಿಲು ಒಡೀತಿದ್ದಾರೆ!" ಎಂದು ಗೋಳಾಡಿತು.

ಹನ್ನೊಂದು ಗಂಟೆಗೆ ಸಾಹೇಬರು ಅಡುಗೆಮನೆಯ ನೆಲದ ಮೇಲೆ ತಲೆಗೆ ಕೈ ಹೊತ್ತು ಕೂತಿದ್ದರು. ಬಾಗಿಲು ಬಡಿದ ಸದ್ದಾಯಿತು. ಬೇಕರಿಯವರು! ಎರಡೂ ಕೈಯಲ್ಲಿ ದೊಡ್ಡ ಚೀಲ, ಮುಖದ ತುಂಬ ಬೆವರು. ಇಡೀ ಬೀದಿಯವರು ಸೇರಿ, ನೀನೇ ಮೊದಲು ಸಿಕ್ಕಿಬಿದ್ದವನು, ನೀನೇ ಹೋಗು ಎಂದು ನೂಕಿ ಕಳಿಸಿದ್ದರು.

"ಸಾರ್, ತಪ್ಪಾಯ್ತು. ನಾನು ಬ್ರೌನಿ ಮಾಡ್ತೀನಿ ಸಾರ್. ಹದಿನಾರು ವರ್ಷದಿಂದ ಮಾಡ್ತಿದ್ದೀನಿ. ಕೋಕೋನೂ ಹಾಕ್ತೀನಿ. ಇದರಲ್ಲಿ ಎಲ್ಲಾ ಇದೆ, ಮೈದಾ, ಸಕ್ಕರೆ, ಕೋಕೋ, ಚಾಕ್ಲೇಟು. ಇಟ್ಕೊಳ್ಳಿ, ಮೂವತ್ತೆರಡರಲ್ಲಿ ನನ್ನೊಬ್ಬನ್ನ ಬಿಟ್ಬಿಡಿ!"

ಸಾಹೇಬರು ಚೀಲವನ್ನು ನೋಡಿದರು. ಬಾಯಲ್ಲಿ ನೀರು, ಕಣ್ಣಲ್ಲಿ ನೀರು. ಕೈ ಮುಂದೆ ಹೋಯಿತು, ತಾನಾಗಿ ಹಿಂದೆ ಬಂತು. "ಲಂಚ ಮುಟ್ಟಲ್ಲ ನಾನು" ಎಂದರು.

"ಅಯ್ಯೋ ನಿಮ್ಮ!" ಎಂದು ಅತ್ತೆ ಕೋಲು ಕುಟ್ಟಿದರು. "ಪೊಟ್ಟಣದ ಮೇಲಿರೋ ಬೆಲೆ ಕೊಟ್ಟು ಚೀಟಿ ಬರೆಸ್ಕೊಳ್ಳಿ. ಲಂಚ ಅಲ್ಲೇ ಸತ್ತು ಬೀಳತ್ತೆ. ಇಬ್ಬರು ಗಂಡಸರು ಸೇರಿ ಮಗೂನ ಅಳಿಸ್ತೀರೇನು?"

ಹಾಗೇ ಆಯಿತು. ಭೂತಗನ್ನಡಿಯಲ್ಲಿ ಹಾಲಿನ ಪರೀಕ್ಷೆಯೂ ಆಯಿತು, ಹಾಲಿರಲಿಲ್ಲ. ಸಾಹೇಬರು ಏಪ್ರನ್ ಬಿಗಿದು ಬಟ್ಟಲಿಗೆ ಮೈದಾ ಸುರಿದು, ಮುದ್ರೆ ಒತ್ತುವ ಹಾಗೆ ಧಬ ಧಬ ಕಲಸತೊಡಗಿದರು. ಬೇಕರಿಯವರು ಬಾಗಿಲಲ್ಲೇ ನಿಂತು ನೋಡಿದರು. ಭಯದಿಂದ ನೋಡಿದರು. ಆಮೇಲೆ ಅನುಮಾನದಿಂದ ನೋಡಿದರು. ಆಮೇಲೆ ತಡೆಯಲಾಗಲಿಲ್ಲ.

"ಅಯ್ಯೋ ಸಾರ್, ಹಾಗಲ್ಲ! ಎಮ್ಮೆ ತೊಳೀತಿದ್ದೀರಾ? ಬಿಡಿ ಚಮಚ!"

ಹದಿನಾರು ವರ್ಷದ ಕಸುಬು, ಭಯವನ್ನು ಪಕ್ಕಕ್ಕೆ ತಳ್ಳಿ ಒಳಗೆ ಬಂತು. "ನಿಜವಾಗ್ಲೂ ಬ್ರೌನಿನೇ ಮಾಡ್ತಿದ್ದೀರಾ ಸಾರ್ ನೀವು?"

"ನಿನ್ನೆಯಿಂದ ಅದನ್ನೇ ತಾನೇ ಬಡ್ಕೋತಿರೋದು! ಒಂದು ಕಪ್ ಅಂದ್ರೆ ಎಷ್ಟು, ಅದೊಂದು ಹೇಳಿ ಪುಣ್ಯ ಕಟ್ಕೊಳ್ಳಿ."

ಬೇಕರಿಯವರು ಹನ್ನೊಂದು ಕಪ್ಪಿನ ಸಾಲು ನೋಡಿ, ಕೈಗೆ ಸಿಕ್ಕಿದ ಒಂದು ಸ್ಟೀಲ್ ಲೋಟ ಎತ್ತಿಕೊಂಡರು. "ಯಾವ್ದಾದ್ರೂ ಆಗತ್ತೆ ಸಾರ್. ಒಂದನ್ನ ಹಿಡಿದ್ರೆ ಕೊನೇವರೆಗೂ ಅದನ್ನೇ ಹಿಡೀಬೇಕು. ಮೈದಾನೂ ಅದರಲ್ಲೇ, ಸಕ್ಕರೆನೂ ಅದರಲ್ಲೇ, ಕೋಕೋನೂ ಅದರಲ್ಲೇ. ಲೋಟ ದೊಡ್ಡದಾದ್ರೆ ಬ್ರೌನಿ ದೊಡ್ಡದಾಗತ್ತೆ, ಅಷ್ಟೇ."

ಸಾಹೇಬರು ಸ್ಟೂಲಿನ ಮೇಲೆ ಕೂತುಬಿಟ್ಟರು. ಇಷ್ಟು ಸುಲಭವಾದರೆ ಇಲಾಖೆ ಯಾಕೆ ಬೇಕು ಎಂದು ಅವರಿಗೆ ಒಂದು ಕ್ಷಣ ದಿಗಿಲಾಯಿತು.

ಆದರೆ ಮೊಟ್ಟೆಯ ವಿಷಯ ಬಂದಾಗ ಬೇಕರಿಯವರು ತಬ್ಬಿಬ್ಬು. "ಮೊಟ್ಟೆ ಇಲ್ವಾ? ಬೆಣ್ಣೆನೂ ಇಲ್ವಾ? ಕಾಲಿಲ್ಲದ ಮೇಜು ಸಾರ್ ಅದು, ನಿಲ್ಲಲ್ಲ!" ಈಗ ಸಾಹೇಬರ ಸರದಿ. ಅಗಸೆ ಪುಡಿಯನ್ನು ನೀರಿಗೆ ಹಾಕಿ ಕಾಯ್ದರು. ಹತ್ತು ನಿಮಿಷದಲ್ಲಿ ಅದು ಮೊಟ್ಟೆಯ ಬಿಳಿಯ ಹಾಗೆ ಲೋಳೆಯಾಯಿತು. ಬೇಕರಿಯವರು ಬೆರಳಲ್ಲಿ ಎತ್ತಿ ನೋಡಿ, "ಹಾ!" ಎಂದರು. ಕೋಳಿಯ ಕೆಲಸ ಹೋಯಿತು ಎಂದರು ಅತ್ತೆ.

ಆಮೇಲೆ ನಡೆದ ಸಡಗರ ಏನು ಹೇಳಲಿ! ಬಿಸಿನೀರಿನ ಮೇಲೆ ಬಟ್ಟಲಿಟ್ಟು ಚಾಕ್ಲೇಟು ಕರಗಿಸಿದರು, ಎಣ್ಣೆ ಸೇರಿಸಿದರು. ಸಕ್ಕರೆ ಆ ಬಿಸಿಯಲ್ಲೇ ಕರಗಿ ಕನ್ನಡಿಯಂತೆ ಹೊಳೆಯಿತು. ಬೇಕರಿಯವರು ಗುಟ್ಟು ಹೇಳುವವರ ಹಾಗೆ ಎರಡು ಚಮಚ ಬಿಸಿ ಕಾಫಿ ಡಿಕಾಕ್ಷನ್ ಬಿಟ್ಟರು. "ಕಾಫಿ ಗೊತ್ತಾಗಲ್ಲ ಸಾರ್, ಚಾಕ್ಲೇಟಿಗೆ ಚಾಕ್ಲೇಟು ಅಂತ ಜ್ಞಾಪಿಸತ್ತೆ." ಮೈದಾ, ಕೋಕೋ ಜರಡಿ ಹಿಡಿದು, ಮಗುವಿನ ಬೆನ್ನು ಸವರಿದ ಹಾಗೆ ಕಲಸಿದರು. ಕಡ್ಡಿಗೆ ಒದ್ದೆ ಪುಡಿ ಅಂಟಿದಾಗಲೇ ಹೊರಗೆ ತೆಗೆಸಿದರು. "ಇನ್ನೂ ಬೆಂದಿಲ್ಲ!" ಎಂದು ಸಾಹೇಬರು ಬೊಬ್ಬೆ ಹೊಡೆದರೂ ಬಿಡಲಿಲ್ಲ. ಮೇಲೆ ತೆಳ್ಳನೆ ಪದರ ಬಿರುಕು ಬಿಟ್ಟಿತ್ತು, ಒಳಗೆ ರೇಷ್ಮೆ. ಆ ವಾಸನೆ ಇದೆಯಲ್ಲ, ಮೆಟ್ಟಿಲಿಳಿದು, ಗೇಟು ದಾಟಿ, ನಾಲ್ಕು ಬೀದಿಯ ಶಟರುಗಳ ಸಂದಿಯಲ್ಲಿ ನುಗ್ಗಿತು. ಒಂದೊಂದೇ ಶಟರು ಎರಡು ಅಂಗುಲ ಮೇಲೆದ್ದಿತು.

ತಣ್ಣಗಾದ ಮೇಲೆ ಸಾಹೇಬರು ಅಡ್ಡಕ್ಕೆ ಎಂಟು, ಉದ್ದಕ್ಕೆ ನಾಲ್ಕು ಕತ್ತರಿಸಿ, ಒಂದೊಂದನ್ನೂ ತಕ್ಕಡಿಗೆ ಹಾಕಿ ಸರಿಮಾಡಿದರು. ಮೂವತ್ತೆರಡು. ಒಂದು ಹೆಚ್ಚಿಲ್ಲ. "ಒಂಚೂರು ರುಚಿ ನೋಡೇ" ಎಂದು ಅತ್ತೆ ತಟ್ಟೆಯ ಅಂಚಿನ ಪುಡಿ ಕೊಡಲು ಹೋದರೆ ಚಿಣ್ಣಿ ಬಾಯಿ ಬಿಗಿದುಕೊಂಡಳು. "ಬೇಡ ಅಜ್ಜಿ. ನಾಳೆ ಎಲ್ಲರ ಜೊತೆ."

ಅಷ್ಟರಲ್ಲಿ ಮೇಲಧಿಕಾರಿ ಬಂದರು. ಎತ್ತರದ ಆಳು, ಮೀಸೆಗೆ ಮೀಸೆ, ಕಂಕುಳಲ್ಲಿ ಫೈಲು. ಹಿಂದೆ ದಿನಸಿಯವರು. ಅಡುಗೆಮನೆಯಲ್ಲಿ ಏಪ್ರನ್ ಕಟ್ಟಿದ ಇನ್ಸ್‌ಪೆಕ್ಟರು, ತಕ್ಕಡಿ, ಮೈಯೆಲ್ಲಾ ಕೋಕೋ ಮೆತ್ತಿಕೊಂಡ ಬೇಕರಿಯವರು.

"ಏನ್ರೀ ಇದು! ಯಾರ ಅಪ್ಪಣೆ ಮೇಲೆ ದಾಳಿ? ಆರೋಪಿನ ಮನೆಗೆ ಕರ್ಕೊಂಡು ಬಂದು ಅಡುಗೆ ಮಾಡಿಸ್ತಿದ್ದೀರಾ?"

ಸಾಹೇಬರು ಬ್ರೌನಿಯ ಕಥೆ ಹೇಳಿದರು. ಬೇಕರಿಯವರು ಹೌದು ಎಂದರು. ಅತ್ತೆ ಹೌದು ಎಂದರು. ಮೇಲಧಿಕಾರಿಯ ಕಿವಿ ಕೇಳುತ್ತಿತ್ತು, ಆದರೆ ಮೂಗು ಬೇರೆ ಕೆಲಸದಲ್ಲಿತ್ತು. ಮೂಗು ತಟ್ಟೆಯ ಕಡೆಗೆ, ಮೂಗಿನ ಹಿಂದೆ ಮೀಸೆ, ಮೀಸೆಯ ಹಿಂದೆ ಕೈ.

"ಹೂಂ. ನಿಜವೋ ಸುಳ್ಳೋ ತಿಳೀಬೇಕಲ್ಲ. ಸ್ಯಾಂಪಲ್ ತೆಗೀಬೇಕು. ನಿಯಮದ ಪ್ರಕಾರ ಮೂರು."

"ಅಂಕಲ್," ಎಂದಳು ಚಿಣ್ಣಿ ಸಣ್ಣ ದನಿಯಲ್ಲಿ, "ಮೂವತ್ತೆರಡೇ ಇರೋದು."

ಕೈ ತಟ್ಟೆಗೆ ಎರಡಂಗುಲ ದೂರದಲ್ಲಿತ್ತು. ಹತ್ತೊಂಬತ್ತು ವರ್ಷ ಈ ಮೇಲಧಿಕಾರಿ ಏನೆಂದರೂ ಹೌದು ಸಾರ್ ಎಂದಿದ್ದರು ನಮ್ಮ ಸಾಹೇಬರು. ಮಟಮಟ ಮಧ್ಯಾಹ್ನ ಚಂದ್ರ ಬಂದ ಎಂದರೂ ಹೌದು ಸಾರ್, ತಣ್ಣಗಿದೆ ಸಾರ್. ಈಗ ಅವರ ಬಾಯಿಂದ ಬಂದ ಮಾತು ಕೇಳಿ ಅವರೇ ಹಿಂತಿರುಗಿ ನೋಡಿದರು, ಯಾರು ಹೇಳಿದ್ದು ಎಂದು.

"ಕೈ ತೆಗೀರಿ ಸಾರ್."

ಮೇಲಧಿಕಾರಿಯ ಮೀಸೆ ನಿಧಾನವಾಗಿ ಸಾಹೇಬರ ಕಡೆಗೆ ತಿರುಗಿತು.

"ಏನಂದ್ರಿ?"

"ಅದು ನನ್ನ ಮಗಳ ತರಗತಿದು ಸಾರ್. ಒಂದು ಕಮ್ಮಿ ಆದ್ರೂ ಒಂದು ಮಗು ಸುಮ್ಮನೆ ಕೂತು ಚಪ್ಪಾಳೆ ತಟ್ಟಬೇಕಾಗತ್ತೆ. ಅದು ಹೇಗಿರತ್ತೆ ಅಂತ ಇವಳಿಗೆ ಗೊತ್ತು. ನಾಲ್ಕು ವರ್ಷದಿಂದ ಗೊತ್ತು. ಬೇಕಾದ್ರೆ ನನ್ನ ಸಸ್ಪೆಂಡ್ ಮಾಡಿ. ಕೊಡಲ್ಲ."

ಮೇಲಧಿಕಾರಿಯ ಮುಖ ಬದನೆಕಾಯಿಯ ಬಣ್ಣಕ್ಕೆ ತಿರುಗಿತು. ದಿನಸಿಯವರು ಕಣ್ಣು ಮುಚ್ಚಿಕೊಂಡರು. ಆಗ ಅತ್ತೆ, "ಸ್ಯಾಂಪಲ್ ತಾನೇ ಬೇಕಾಗಿರೋದು ಯಜಮಾನ್ರಿಗೆ? ನಮ್ಮಲ್ಲಿ ಇಲ್ಲ ಅನ್ನೋದುಂಟಾ? ಇದೂ ಬ್ರೌನಿನೇ, ಇದೇ ಕೈಯಲ್ಲಿ ಮಾಡಿದ್ದು" ಎಂದು ನಿನ್ನೆಯದನ್ನು ಎರಡೂ ಕೈಯಲ್ಲಿ ಎತ್ತಿ ತಂದುಕೊಟ್ಟರು.

ಮೇಲಧಿಕಾರಿ ಗತ್ತಿನಿಂದ ಕಚ್ಚಿದರು. ಕಟ್ ಎಂದಿತು. ಮುರಿದದ್ದು ಬ್ರೌನಿಯಂತೂ ಅಲ್ಲ. ಅವರು ಸ್ವಲ್ಪ ಹೊತ್ತು ಕಚ್ಚಿದ ಭಂಗಿಯಲ್ಲೇ ನಿಂತರು. ಆಮೇಲೆ ದವಡೆ ಹಿಡಿದುಕೊಂಡು, "ಇದು ನಿಜವಾಗ್ಲೂ ಮನೇಲೇ ಮಾಡಿದ್ದು. ಇದನ್ನ ಯಾವ ಅಂಗಡಿಯವನೂ ಮಾರೋ ಧೈರ್ಯ ಮಾಡಲ್ಲ. ಕೇಸು ಮುಗೀತು" ಎಂದು ಫೈಲಿನಲ್ಲಿ ಬರೆದು, ಮೆಟ್ಟಿಲಿಳಿದು ಹೋದರು.

ಸೋಮವಾರ ಬೆಳಗ್ಗೆ ಸಾಹೇಬರು ರಜೆ ಹಾಕಿ ತರಗತಿಯ ಕಿಟಕಿಗೆ ಮೂಗು ಒತ್ತಿಕೊಂಡು ನಿಂತರು. ಚಿಣ್ಣಿ ಡಬ್ಬಿ ಹಿಡಿದು ಸಾಲು ಸಾಲಾಗಿ ಹಂಚಿದಳು, ರಾಣಿ ಊರು ಹಂಚಿದ ಹಾಗೆ. ಕೊನೆಯದನ್ನು ತಾನು ತೆಗೆದುಕೊಂಡು, ಎಲ್ಲರ ನಡುವೆ ಕೂತು ಕಚ್ಚಿದಳು. ಸಾಹೇಬರು ಅವಳ ತುಟಿಯನ್ನೇ ನೋಡಿದರು. ಒಂದು ನಿಮಿಷ. ಐದು ನಿಮಿಷ. ತುಟಿ ಊದಲಿಲ್ಲ. ಬರೀ ಚಾಕ್ಲೇಟು ಮೀಸೆ ಬಂತು, ಮೇಲಧಿಕಾರಿಗಿಂತ ದಪ್ಪದ್ದು. ಟೀಚರು ಕಾಗದವನ್ನೂ ನೆಕ್ಕಿ, ಯಾರೂ ನೋಡಲಿಲ್ಲ ಎಂದುಕೊಂಡರು.

ಅದರ ಮಾರನೆಯ ದಿನ ಮಕ್ಕಳು ಸಭೆ ಮಾಡಿ ಒಂದು ಕಾನೂನು ತಂದವು: ಇನ್ನು ಮುಂದೆ ಯಾರ ಹುಟ್ಟುಹಬ್ಬವಾದರೂ ಚಿಣ್ಣಿಯೂ ತಿನ್ನುವಂಥದ್ದೇ ತರಬೇಕು, ಕೇಕು ತಂದವರ ಜೊತೆ ಟೂ, ಮಾತಿಲ್ಲ. ಮಕ್ಕಳ ಕಾನೂನಿಗೆ ಮೇಲ್ಮನವಿ ಇಲ್ಲ. ತಾಯಂದಿರೆಲ್ಲಾ ಬೇಕರಿಗೆ ನುಗ್ಗಿದರು.

ಶುಕ್ರವಾರ ಸಾಯಂಕಾಲ ಬೇಕರಿಯವರು ಏದುಸಿರು ಬಿಡುತ್ತಾ ಸಾಹೇಬರ 
ಮನೆಗೆ ಓಡಿಬಂದರು. ತಲೆಯಲ್ಲಿ ಮೈದಾ, ಕಿವಿಯಲ್ಲಿ ಕೋಕೋ, ಹುಬ್ಬಿನ ಮೇಲೆ ಅಗಸೆಯ ಲೋಳೆ.

"ಸಾರ್, ನಿಮ್ಮ ದಾಳಿನೇ ಎಷ್ಟೋ ವಾಸಿಯಾಗಿತ್ತು! ವಕೀಲರ ಹೆಂಡತಿ ಮುಂದಿನ ವರ್ಷಕ್ಕೆ ಈಗಲೇ ಮೂರು ಅಂತಸ್ತಿಂದು ಕೇಳ್ತಿದ್ದಾರೆ! ಬನ್ನಿ ಸಾರ್, ಕೈ ಹಾಕಿ. ಇದು ಎಷ್ಟು ದಿನ ನಡೆಯತ್ತೆ ಹೀಗೆ?"

ಸಾಹೇಬರು ಆಗಲೇ ಏಪ್ರನ್ ಹುಡುಕುತ್ತಿದ್ದರು. ಉತ್ತರ ಕೊಟ್ಟದ್ದು ಚಿಣ್ಣಿ. ಅವಳು ಬೆರಳು ಮಡಿಸಿ ಮಡಿಸಿ ಲೆಕ್ಕ ಹಾಕಿದಳು. ಒಂದು ಕೈ ಮುಗಿಯಿತು, ಎರಡು ಕೈ ಮುಗಿಯಿತು, ಅಜ್ಜಿಯ ಎರಡೂ ಕೈಯನ್ನು ಕಡ ತೆಗೆದುಕೊಂಡಳು. ಮುಖವೆಲ್ಲಾ ಹಿಗ್ಗಿತು.

"ಈ ವರ್ಷ ಇನ್ನೂ ಹತ್ತೊಂಬತ್ತು ಹುಟ್ಟುಹಬ್ಬ ಇದೆ ಅಂಕಲ್. ಟೀಚರ್‌ದೂ ಸೇರಿದ್ರೆ ಇಪ್ಪತ್ತು!"